ಬೆಣ್ಣೆ ಚಾವಡಿಯ ಲೆಕ್ಕ

‘ಅಮೃತಮಹಲ್’ ಎಂಬ ಮಾತನ್ನು ಕೇಳಿದೊಡನೆ, ಅದು ಯಾವುದೋ ರಾಜನು ಕಟ್ಟಿಸಿದ ಅರಮನೆಯಿರಬೇಕೆಂದು ಭಾವಿಸುವವರುಂಟು. ಹಾಗೆ ಭಾವಿಸುವುದು ಸಹಜವೇ. ಮಹಲ್ ಎಂದರೆ ನಮ್ಮ ಕಣ್ಣಿಗೆ ಗೋಪುರ, ಕಮಾನು, ಹಜಾರಗಳೇ ಕಟ್ಟುತ್ತವೆ. ಆದರೆ ಹಿಂದಿನ ಕಾಲದ ದಫ್ತರದ ಭಾಷೆಯಲ್ಲಿ ‘ಮಹಲ್’ ಎಂಬುದಕ್ಕೆ ಇಲಾಖೆ ಎಂಬ ಅರ್ಥವೂ ಇದ್ದಿತು. ಅಮೃತಮಹಲ್ ಎಂಬುದು ಮೈಸೂರು ಸಂಸ್ಥಾನದ ಒಂದು ಇಲಾಖೆ. ಅದರ ಆಸ್ತಿ ಕಲ್ಲು ಗಾರೆಗಳದಲ್ಲ. ಸಾವಿರಾರು ದನಗಳು, ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು. ಇಂದು ಸರ್ಕಾರದ ಇಲಾಖೆಗಳಿಗೆ ಲಾರಿ ಜೀಪುಗಳಿರುವಂತೆ ಅಂದು ರಾಜ್ಯಕ್ಕಿದ್ದ ವಾಹನ ಸಮೂಹ ಅದೇ. ಅದನ್ನು ಕಟ್ಟಿದ ಬಗೆ, ಹೆಚ್ಚುವರಿ ಎಂದು ಒಮ್ಮೆ ಮಾರಿದ ಬಗೆ, ಮಾರಿ ಮತ್ತೆ ಕಟ್ಟಲು ಪಟ್ಟ ಪಾಡು, ಇವು ನಮ್ಮ ನಾಡಿನ ಆಡಳಿತದ ಇತಿಹಾಸದಲ್ಲಿ ಮನನ ಮಾಡತಕ್ಕ ಒಂದು ಅಧ್ಯಾಯ.

ಈ ಇಲಾಖೆಯ ಬೇರು ವಿಜಯನಗರದ ಕಾಲಕ್ಕೆ ಹೋಗುತ್ತದೆ. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳ ವಶದಲ್ಲಿ ಹಳ್ಳಿಕಾರ್ ತಳಿಯ ಕೆಲವು ಹಸುಗಳಿದ್ದುವು. ಶ್ರೀರಂಗಪಟ್ಟಣವು ಮೈಸೂರು ಒಡೆಯರ ಕೈಗೆ ಬಂದಾಗ ಆ ಹಸುಗಳೂ ಅವರಿಗೇ ಬಂದುವು. ಮುಂದೆ ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಹಿಂಡುಗಳನ್ನು ಹೆಚ್ಚಿಸಿ, ಅವು ಮೇಯುವುದಕ್ಕೆಂದು ಅಲ್ಲಲ್ಲಿ ಕಾವಲುಗಳನ್ನು ಗೊತ್ತುಮಾಡಿದರು. ‘ಕಾವಲು’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಕಾಯ್ದಿರಿಸಿದ ನೆಲವೇ ಕಾವಲು. ಬೀಳುಬಿದ್ದ ಭೂಮಿಗೂ ಕಾವಲಿಗೂ ಇರುವ ವ್ಯತ್ಯಾಸ ಆ ಹೆಸರಿನಲ್ಲಿಯೇ ಇದೆ.

ಕ್ರಿ. ಶ. ೧೬೭೨ರಿಂದ ೧೭೦೪ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯದ ಕೆಲಸಗಳನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಪ್ರಸಿದ್ಧವಾದ ವಿಷಯ. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡವನ್ನು ಜನ ಇಂದಿಗೂ ‘ಅಠಾರಾ ಕಚೇರಿ’ ಎನ್ನುವಲ್ಲಿ ಆ ಹದಿನೆಂಟರ ನೆನಪು ಉಳಿದುಕೊಂಡಿದೆ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ ಮೊದಲಾದುವುಗಳ ಸಾಲಿನಲ್ಲಿ ಬೆಣ್ಣೆ ಚಾವಡಿಯೂ ಒಂದು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಮೇಲೆ ಕಾಣುವ ಕೆಲಸ. ಒಳ್ಳೆಯ ಜಾತಿಯ ಎತ್ತುಗಳನ್ನು ರಾಜ್ಯಕ್ಕೆ ಬೆಳೆಸಿಕೊಡುವುದು ಅದರ ಒಳಗಿನ ಕೆಲಸ. ಚಿಕ್ಕದೇವರಾಜರು ಸರ್ಕಾರಿ ದನಗಳ ಮೈಮೇಲೆ ತಮ್ಮ ಹೆಸರಿನ ‘ದೇ’ ಅಕ್ಷರದ ಮುದ್ರೆಯನ್ನು ಹಾಕಿಸಿದರು. ಇಂದು ಸರ್ಕಾರಿ ಕಚೇರಿಯ ಮೇಜು ಕುರ್ಚಿಗಳ ಮೇಲೆ ಸಂಖ್ಯೆ ಬರೆಯುತ್ತಾರಲ್ಲವೆ? ಇದು ನಮ್ಮದು, ಇದಕ್ಕೆ ಲೆಕ್ಕವುಂಟು, ಇದರ ಲೆಕ್ಕ ಕೊಡಬೇಕಾದವನೊಬ್ಬನುಂಟು ಎಂಬುದೇ ಎರಡರ ಅರ್ಥವೂ.

ಕಾವಲುಗಳ ವ್ಯವಸ್ಥೆಯಲ್ಲಿ ಅನುಭವದ ವಿವೇಕವಿದ್ದಿತು. ಒಂದೇ ಕಡೆ ವರ್ಷವೆಲ್ಲ ಮೇಯಿಸಿದರೆ ಹುಲ್ಲೂ ಉಳಿಯದು, ದನವೂ ಉಳಿಯದು. ಆದುದರಿಂದ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಮೂರು ಬಗೆ ಮಾಡಿದ್ದರು. ನೀರು ನೆರಳು ಇರುವ ಕೆರೆಯಂಗಳದ ನೆಲ ಬೇಸಗೆಗೆ ಮೀಸಲು. ಹಿಂಡುಗಳು ಋತುವಿಗನುಸಾರವಾಗಿ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುವು. ಕೊಟ್ಟಿಗೆಯ ಸುಖವನ್ನರಿಯದೆ, ಬಯಲಿನಲ್ಲಿಯೇ ಹುಟ್ಟಿ ಬಯಲಿನಲ್ಲಿಯೇ ಬೆಳೆದ ಈ ದನಗಳು ಅರೆಗಾಡು ಸ್ವಭಾವದುವು. ಬೂದು ಬಣ್ಣ, ಬೆನ್ನ ಕಡೆಗೆ ಬಾಗಿದ ನೀಳವಾದ ಕೋಡು, ಗಟ್ಟಿಯಾದ ಗೊರಸು, ಬಿರುಸಾದ ನಡೆ, ಇವು ಅವುಗಳ ಲಕ್ಷಣ. ಹಾಲು ಮಾತ್ರ ಕಡಮೆ, ಕರುವಿಗೆ ಸಾಕಾಗುವಷ್ಟು. ಬೆಣ್ಣೆಯ ಹೆಸರಿನ ಚಾವಡಿಯ ನಿಜವಾದ ಸಂಪತ್ತು ಬೆಣ್ಣೆಯಲ್ಲಿರಲಿಲ್ಲ, ನೊಗದಲ್ಲಿದ್ದಿತು.

ಆ ನೊಗದ ಬೆಲೆಯನ್ನು ಪೂರ್ಣವಾಗಿ ಕಂಡುಕೊಂಡವನು ಹೈದರಾಲಿ. ಅಂದಿನ ಯುದ್ಧದಲ್ಲಿ ಫಿರಂಗಿಯೇ ಪ್ರಧಾನ. ಆದರೆ ಫಿರಂಗಿ ತಾನಾಗಿ ನಡೆಯದು. ಗುಂಡು, ಮದ್ದು, ಧಾನ್ಯ, ಡೇರೆ ಎಲ್ಲವನ್ನೂ ಎತ್ತುಗಳೇ ಎಳೆಯಬೇಕು, ಹೊರಬೇಕು. ದಂಡು ಎಷ್ಟು ಬೇಗ ಹೋಗಬಲ್ಲದೆಂಬುದನ್ನು ಎತ್ತಿನ ಕಾಲೇ ತೀರ್ಮಾನಿಸುತ್ತಿತ್ತು. ೧೭೮೧ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನು. ಸೋತ ಕಾಳಗದಲ್ಲಿಯೂ ಶತ್ರುವಿನ ಕಣ್ಣೆದುರಿಗೇ ತನ್ನ ಫಿರಂಗಿಗಳನ್ನು ಎಳೆಸಿಕೊಂಡು ಹೋಗುವುದು ಅವನಿಗೆ ಸಾಧ್ಯವಾದುದು ಈ ಎತ್ತುಗಳಿಂದ. ಟಿಪ್ಪು ಸುಲ್ತಾನನು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ದಕ್ಷಿಣ ಭಾರತವನ್ನು ಅಡ್ಡಹಾಯ್ದನು. ೧೭೯೦ರಲ್ಲಿ ಜನರಲ್ ಮೆಡೋಸನ ಮುಂದೆ ಎರಡೇ ದಿನಗಳಲ್ಲಿ ಅರವತ್ತಮೂರು ಮೈಲಿ ನಡೆದನು. ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನೂ ಟಿಪ್ಪುವೇ. ಹಾಗಲವಾಡಿ ಪಾಳೆಯಗಾರರ ದನಗಳನ್ನು ಇದಕ್ಕೆ ಸೇರಿಸಿದನು. ಇಲಾಖೆಯನ್ನು ನಡೆಸುವ ಕ್ರಮವನ್ನು ಹುಕುಂನಾಮೆಯ ಮೂಲಕ ವಿಧಿಸಿದನು. ವರ್ಷಕ್ಕೊಮ್ಮೆ ದನಗಳ ತಲೆಯೆಣಿಕೆ ನಡೆಯುವಾಗ ತಾನೇ ಆಸಕ್ತಿಯಿಂದ ನೋಡಿ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದನು. ಅರಸನು ಎಣಿಸುತ್ತಾನೆಂದರೆ ಆಳು ಎಚ್ಚರವಾಗಿರುತ್ತಾನೆ. ಇದಕ್ಕಿಂತ ದೊಡ್ಡ ಆಡಳಿತ ಶಾಸ್ತ್ರ ಬೇಕಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆಮೇಲೆ ಹಿಂಡುಗಳನ್ನು ಮೈಸೂರು ಸರ್ಕಾರದ ಸುಪರ್ದಿಗೇ ಬಿಟ್ಟಿದ್ದರು. ಹಳೆಯ ಎಚ್ಚರ ತಪ್ಪಿ ಹಿಂಡು ಕ್ಷೀಣಿಸಿದ್ದರಿಂದ ೧೮೧೩ರಲ್ಲಿ ಮದರಾಸು ಸರ್ಕಾರದ ಸೈನ್ಯದ ಅಧಿಕಾರಿಗಳು ಆಡಳಿತವನ್ನು ತಾವೇ ವಹಿಸಿಕೊಂಡರು. ಹುಣಸೂರು ಇಲಾಖೆಯ ಮುಖ್ಯಸ್ಥಾನವಾಯಿತು. ಅಲ್ಲಿ ಎತ್ತುಗಳನ್ನು ಪಳಗಿಸುವುದಲ್ಲದೆ, ಸೈನ್ಯಕ್ಕೆ ಬೇಕಾದ ಗಾಡಿ, ಚರ್ಮದ ಸಾಮಾನು, ಕಂಬಳಿ ಇವುಗಳನ್ನು ತಯಾರಿಸುವ ಕಾರ್ಖಾನೆಗಳೂ ಬೆಳೆದುವು. ಕಾವಲಿನಲ್ಲಿ ಎತ್ತು, ಹುಣಸೂರಿನಲ್ಲಿ ಗಾಡಿ. ಹೀಗೆ ಒಂದು ಸೇನೆಯ ವಾಹನ ವಿಭಾಗ ಪೂರ್ತಿಯಾಗಿ ನಮ್ಮ ಸೀಮೆಯಲ್ಲಿ ನೆಲೆಗೊಂಡಿತು.

ಇನ್ನು ಕಥೆಯ ಮುಖ್ಯಭಾಗಕ್ಕೆ ಬರೋಣ. ೧೮೫೭ರ ದಂಗೆಯನ್ನು ಅಡಗಿಸುವುದರೊಳಗೆ ಇಂಗ್ಲಿಷರ ಬೊಕ್ಕಸ ಬರಿದಾಯಿತು, ಸಾಲ ಏರಿತು. ಕಲ್ಕತ್ತೆಯಲ್ಲಿ ಹಣಕಾಸಿನ ಹೊಣೆ ಹೊತ್ತ ಜೇಮ್ಸ್ ವಿಲ್ಸನನು ೧೮೬೦ರಲ್ಲಿ ಆದಾಯ ತೆರಿಗೆಯನ್ನು ತಂದನು. ಆಗ ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿದನು. ಹೊಸ ತೆರಿಗೆ ಬೇಡ, ವೆಚ್ಚವನ್ನು ಕಡಿಮೆ ಮಾಡೋಣ ಎಂಬುದು ಅವನ ವಾದ. ಆ ವಿರೋಧಕ್ಕಾಗಿ ಅವನನ್ನು ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡರು. ಆದರೆ ಅವನ ಮಿತವ್ಯಯದ ಕತ್ತರಿ ಅಷ್ಟರೊಳಗಾಗಿ ಅಮೃತಮಹಲಿನ ಮೇಲೂ ಆಡಿದ್ದಿತು. ಈ ಇಲಾಖೆ ಇನ್ನು ಅನಾವಶ್ಯಕವೆಂದು ತೀರ್ಮಾನವಾಗಿ ೧೮೬೦ರಲ್ಲಿ ಹಿಂಡುಗಳನ್ನು ಮಾರಿಬಿಟ್ಟರು, ಸಿಬ್ಬಂದಿಯನ್ನು ಚದುರಿಸಿದರು. ಕೊಂಡವರಲ್ಲಿ ಪ್ರಮುಖನಾದವನು ಈಜಿಪ್ಟಿನ ಪಾಷಾ. ಒಡೆಯರ ಕಾಲದಿಂದ ಆಯ್ದು ಆಯ್ದು ಬೆಳೆಸಿದ ದನ ಕಡಲು ದಾಟಿಹೋಯಿತು.

ಟ್ರೆವೆಲ್ಯನನು ಅವಿವೇಕಿಯಲ್ಲ. ತೆರಿಗೆಯ ಭಾರವನ್ನು ಪ್ರಜೆಗಳ ತಲೆಯ ಮೇಲೆ ಹೊರಿಸಬಾರದೆಂದು ತನ್ನ ಪದವಿಯನ್ನೇ ಕಳೆದುಕೊಂಡವನನ್ನು ಸುಲಭವಾಗಿ ದೂಷಿಸಲಾಗದು. ಹಾಗಾದರೆ ತಪ್ಪಿದ್ದು ಎಲ್ಲಿ? ಲೆಕ್ಕದ ಪುಸ್ತಕದಲ್ಲಿ ಕಾಣುವುದು, ಕಾಣದಿರುವುದು ಎಂಬ ಎರಡುಂಟು. ಗೊಲ್ಲರ ಸಂಬಳ, ಅಧಿಕಾರಿಗಳ ವೇತನ, ಕಾವಲಿನಿಂದ ಬರಬಹುದಾಗಿದ್ದ ಕಂದಾಯದ ನಷ್ಟ, ಇವು ವರ್ಷ ವರ್ಷವೂ ಖರ್ಚಿನ ಕಡೆಗೆ ಕಾಣುತ್ತವೆ. ಆದರೆ ಇಂದು ಹುಟ್ಟಿದ ಹೋರಿಗರು ಬೆಳೆದು, ಪಳಗಿ, ಫಿರಂಗಿಯ ನೊಗಕ್ಕೆ ಹೆಗಲು ಕೊಡಬೇಕಾದರೆ ನಾಲ್ಕೈದು ವರ್ಷ ಬೇಕು. ಆ ಕಾಲಕ್ಕೆ ಬೆಲೆ ಕಟ್ಟುವ ಅಂಕಣ ಪುಸ್ತಕದಲ್ಲಿಲ್ಲ. ಇನ್ನೊಂದು ಮಾತು: ಹಿಂಡನ್ನು ಮಾರಿದ ವರ್ಷ ಯಾರಿಗೂ ತೊಂದರೆ ಕಾಣುವುದಿಲ್ಲ. ಅದಾಗಲೇ ಪಳಗಿ ಸೈನ್ಯದಲ್ಲಿರುವ ಎತ್ತುಗಳು ದುಡಿಯುತ್ತಲೇ ಇರುತ್ತವೆ. ಖರ್ಚು ಇಳಿಯಿತು, ಕೆಲಸ ನಿಲ್ಲಲಿಲ್ಲ ಎಂದು ಎಲ್ಲರೂ ಮೆಚ್ಚುತ್ತಾರೆ. ಹಳೆಯ ಎತ್ತುಗಳು ಮುದಿಯಾಗಿ, ಹೊಸವು ಬೇಕಾದಾಗ ಮಾತ್ರ ಕೊರತೆ ಕಾಣುತ್ತದೆ. ಅಷ್ಟು ಹೊತ್ತಿಗೆ ಮಾರಿದ ಅಧಿಕಾರಿ ಬೇರೆ ಊರಿನಲ್ಲಿರುತ್ತಾನೆ.

ಇಲ್ಲಿಯೂ ಹಾಗೆಯೇ ಆಯಿತು. ಬೇಕಾದ ತರದ ಎತ್ತುಗಳು ಬೇಕಾದಷ್ಟು ಸಂಖ್ಯೆಯಲ್ಲಿ ಪೇಟೆಯಲ್ಲಿ ಸಿಗಲಿಲ್ಲ. ಇಲಾಖೆಯ ಹೋರಿಗಳಿಂದ ರೈತರ ದನಗಳ ತಳಿಯೂ ಸುಧಾರಿಸುತ್ತಿದ್ದಿತಾಗಿ, ಆ ಉಪಕಾರವೂ ನಿಂತಿತು. ಆರೇ ವರ್ಷಗಳಲ್ಲಿ, ಎಂದರೆ ೧೮೬೬ರಲ್ಲಿ, ಅಮೃತಮಹಲನ್ನು ಮತ್ತೆ ಸ್ಥಾಪಿಸಬೇಕೆಂದು ಸರ್ಕಾರವೇ ಮಂಜೂರು ಮಾಡಿತು. ತನ್ನ ಹಿಂದಿನ ಹಿಂಡಿನಿಂದ ಚದುರಿಹೋದ ದನಗಳನ್ನೂ ಅವುಗಳ ಸಂತತಿಯನ್ನೂ ಹುಡುಕಿ, ಹಣ ಕೊಟ್ಟು, ತಾನೇ ಕೊಳ್ಳಬೇಕಾಯಿತು. ಕಾವಲುಗಳು ಉಳಿದಿದ್ದುದರಿಂದ ಇದಾದರೂ ಸಾಧ್ಯವಾಯಿತು. ರಾಜ್ಯವು ಒಡೆಯರಿಗೆ ಹಿಂದಿರುಗಿದ ಮರುವರ್ಷ, ೧೮೮೨ರಲ್ಲಿ, ಮೈಸೂರು ಸರ್ಕಾರವು ಮದರಾಸು ಸರ್ಕಾರಕ್ಕೆ ಬೆಲೆ ತೆತ್ತು ಈ ಇಲಾಖೆಯನ್ನು ತನ್ನದಾಗಿ ಮಾಡಿಕೊಂಡಿತು. ತನ್ನ ಪೂರ್ವಿಕರು ಬೆಳೆಸಿದ್ದನ್ನೇ ಕೊಂಡುಕೊಂಡಿತೆಂದರೂ ಸಲ್ಲುತ್ತದೆ.

ಹುಣಸೂರಿನ ಕಾರ್ಖಾನೆಗಳ ಗತಿಯನ್ನು ಇದರೊಡನೆ ಹೋಲಿಸಿ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅವುಗಳನ್ನೂ ಸರ್ಕಾರ ೧೮೬೪ರಲ್ಲಿ ಮುಚ್ಚಿತು. ಆದರೆ ಗಾಡಿ ಮಾಡುವ ಬಡಗಿ, ಚರ್ಮ ಹದಮಾಡುವ ಕುಶಲಿ ಊರಿನಲ್ಲಿಯೇ ಉಳಿದರು. ಕಲಿತ ವಿದ್ಯೆ ಅವರ ಕೈಯಲ್ಲಿದ್ದುದರಿಂದ ಸರ್ಕಾರದ ಛತ್ರವಿಲ್ಲದೆಯೂ ಹುಣಸೂರಿನಲ್ಲಿ ಆ ಕಸುಬುಗಳು ಮುಂದುವರಿದುವು. ಆದುದರಿಂದ ಸರ್ಕಾರ ತನ್ನ ಸೊತ್ತನ್ನು ಎಂದೂ ಮಾರಬಾರದು, ಯಾವುದನ್ನೂ ಮುಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಬೇಡವಾದ ಸಾಮಾನನ್ನು ಇಟ್ಟುಕೊಂಡು ತುಕ್ಕು ಹಿಡಿಸುವುದೂ ಪ್ರಜೆಗಳ ಹಣಕ್ಕೆ ಮಾಡುವ ಅಪಚಾರವೇ. ಮಾರಿದ ಮೇಲೆ ಬೇಕಾದರೆ ಮತ್ತೆ ಪಡೆಯಬಹುದಾದದ್ದು ಯಾವುದು, ಪಡೆಯಲಾಗದ್ದು ಯಾವುದು ಎಂಬ ವಿವೇಚನೆ ಮೊದಲು ಆಗಬೇಕು. ಗಾಡಿಯನ್ನು ಮಾಡಿಸಬಹುದು, ತಳಿಯನ್ನು ಮಾಡಿಸಲಾಗುವುದಿಲ್ಲ.

ಮೋಟಾರು ಬಂದಿತು, ಫಿರಂಗಿಗೆ ಎತ್ತು ಬೇಡವಾಯಿತು. ಅಮೃತಮಹಲ್ ಈಗ ಯುದ್ಧದ ವಾಹನವಲ್ಲ. ಆದರೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ಹಿಂಡು ಉಳಿದಿದೆ. ಅಲ್ಲಿನ ಹೋರಿಕರುಗಳ ಹರಾಜಿಗೆ ರೈತರು ದೂರದೂರದಿಂದ ಬರುತ್ತಾರೆ. ಒಳ್ಳೆಯ ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುವುದುಂಟು. ಇದೂ ಸರ್ಕಾರಿ ಸೊತ್ತಿನ ಮಾರಾಟವೇ. ಆದರೆ ಮೂಲವನ್ನು ಉಳಿಸಿಕೊಂಡು ಫಲವನ್ನು ಮಾರುವ ಮಾರಾಟ.

ಈಗ ಅಪಾಯವಿರುವುದು ನೆಲಕ್ಕೆ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯನ್ನು ಮೀರಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಒಂದು ಸಣ್ಣ ಅಂಶ. ಸಾಗುವಳಿಗೆ, ಊರುಗಳ ವಿಸ್ತರಣೆಗೆ, ನಾನಾ ಉದ್ದೇಶಗಳಿಗೆ ಅವು ಕರಗುತ್ತ ಬಂದಿವೆ. ೨೦೦೯-೧೦ರ ಸುಮಾರಿಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಶೋಧನೆಗಳ ಸಂಸ್ಥೆಗಳಿಗೆ ಕೊಡಲಾಯಿತು. ಕುರಿ ದನಗಳನ್ನು ಅಲ್ಲಿ ಮೇಯಿಸಿಕೊಂಡು ಬಂದಿದ್ದ ಹಳ್ಳಿಗಳ ಜನ ಆಕ್ಷೇಪಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. ಆ ಸಂಸ್ಥೆಗಳೂ ದೇಶಕ್ಕೆ ಬೇಕಾದುವೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ದಾಖಲೆಯಲ್ಲಿ ‘ಖಾಲಿ ಜಾಗ’ ಎಂದು ಕಾಣುವ ನೆಲ ನಿಜವಾಗಿ ಖಾಲಿಯೇ, ಅಥವಾ ಹಿಂದಿನವರು ಒಂದು ಉದ್ದೇಶಕ್ಕಾಗಿ ಕಾಯ್ದಿಟ್ಟದ್ದೇ ಎಂದು ಕೇಳಿ ನೋಡುವುದು ಅಗತ್ಯ.

೧೮೬೦ರಲ್ಲಿ ದನ ಹೋದರೂ ಕಾವಲು ಉಳಿದಿದ್ದಿತು. ಆದ್ದರಿಂದ ಆರು ವರ್ಷಗಳ ಮೇಲೆ ತಿದ್ದಿಕೊಳ್ಳಲು ಒಂದು ದಾರಿಯಿದ್ದಿತು. ಕಾವಲೇ ಹೋದರೆ ಹಿಂಡನ್ನು ತಂದು ನಿಲ್ಲಿಸುವುದೆಲ್ಲಿ? ಸರ್ಕಾರದ ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರಿಗಳೂ, ಆ ಆಸ್ತಿಯ ನಿಜವಾದ ಒಡೆಯರಾದ ಪ್ರಜೆಗಳೂ ಯಾವುದಾದರೂ ವಸ್ತುವನ್ನು ಹೆಚ್ಚುವರಿ ಎಂದು ಪಟ್ಟಿಗೆ ಸೇರಿಸುವ ಮೊದಲು ಬೆಣ್ಣೆ ಚಾವಡಿಯ ಈ ಹಳೆಯ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.