ನಾಣ್ಯದ ಮೇಲಿನ ಮುಖ, ನಾಣ್ಯ ಹಿಡಿದ ಕೈ

ಹಾಸನ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇಂದಿಗೂ ಒಂದೆರಡು ಸಿಗುವುದುಂಟು. ಅದರ ತೂಕ ಒಂದು ತೊಲ. ಕೆಲವು ನಾಣ್ಯಗಳ ನೆತ್ತಿಯಲ್ಲಿ ಸಣ್ಣ ಕೊಂಡಿಯನ್ನು ಬೆಸೆದಿರುತ್ತಾರೆ. ಯಾವಳೋ ಅಜ್ಜಿಯ ಕೊರಳಲ್ಲಿ ಸರವಾಗಿ ತೂಗಿದ ನಾಣ್ಯವದು. 1840ರಿಂದ ಆರಂಭಿಸಿ 1901ರಲ್ಲಿ ಆಕೆ ತೀರಿಕೊಳ್ಳುವವರೆಗೂ ನಮ್ಮ ಸಂತೆಗಳಲ್ಲಿ ಓಡಾಡಿದ ರೂಪಾಯಿಗಳ ಮೇಲೆ ಈ ಒಬ್ಬ ಸ್ತ್ರೀಯ ಮುಖವಿತ್ತು. ಮೊದಲು ರಾಣಿ ಎಂದು, 1877ರ ನಂತರ ಸಾಮ್ರಾಜ್ಞಿ ಎಂದು ಅದರ ಮೇಲೆ ಬರೆಯಲಾಗುತ್ತಿತ್ತು.

ಆದರೆ ಆ ಮುಖದ ಒಡತಿಗೆ ಸ್ತ್ರೀಯರ ಹಕ್ಕುಗಳ ಮಾತು ಸಹಿಸುತ್ತಿರಲಿಲ್ಲ. 1870ರಲ್ಲಿ ಆಪ್ತರೊಬ್ಬರಿಗೆ ಬರೆದ ಪತ್ರದಲ್ಲಿ ಆ ಚಳವಳಿಯನ್ನು ಆಕೆ ಕಟುವಾಗಿ ಜರಿದಿದ್ದಳು. ಆಕೆಯ ಸ್ವದೇಶದಲ್ಲಿಯೇ ವಿವಾಹಿತ ಸ್ತ್ರೀಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ದೊರೆತದ್ದು 1882ರ ಕಾನೂನಿನಿಂದ. ಇತ್ತ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಅದೇ ರಾಣಿಯ ಮುಖವನ್ನು ಕೊರಳಿಗೆ ಕಟ್ಟಿಕೊಂಡ ರೈತಾಪಿ ಹೆಣ್ಣಿಗೆ ಆ ಸರ ಬಹುಮಟ್ಟಿಗೆ ತನ್ನದೇ ಸ್ತ್ರೀಧನವಾಗಿತ್ತು. ಬ್ಯಾಂಕು ಕಾಣದವಳಿಗೆ ಕೊರಳೇ ಖಜಾನೆ.

ಸ್ತ್ರೀಹಕ್ಕುಗಳಿಗಾಗಿ ಹೋರಾಡಿದವರನ್ನು ನಾಣ್ಯದ ಮೇಲೆ ಗೌರವಿಸುವ ಪದ್ಧತಿ ಬಹಳ ತಡವಾಗಿ ಬಂದಿತು. ಅಮೆರಿಕದ ಸೂಸನ್ ಆಂಥನಿ 1872ರಲ್ಲಿ ಕಾನೂನು ಮೀರಿ ಮತ ಹಾಕಿದ್ದಕ್ಕೆ ನ್ಯಾಯಾಲಯವು ನೂರು ಡಾಲರ್ ದಂಡ ವಿಧಿಸಿತು. ಆಕೆ ಅದನ್ನು ಕಟ್ಟಲೇ ಇಲ್ಲ. ಅದೇ ಸರ್ಕಾರ 1979ರಲ್ಲಿ ಆಕೆಯ ಮುಖವನ್ನು ಒಂದು ಡಾಲರ್ ನಾಣ್ಯದ ಮೇಲೆ ಅಚ್ಚೊತ್ತಿತು. ಗಾತ್ರದಲ್ಲಿ ಅದು ಕಾಲು ಡಾಲರಿನಂತೆಯೇ ಕಾಣುತ್ತಿದ್ದುದರಿಂದ ಜನ ಅದನ್ನು ಒಪ್ಪಲಿಲ್ಲವೆಂಬುದು ಬೇರೆ ಮಾತು. ನಮ್ಮ ದೇಶದಲ್ಲಿ 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿಯ ಹೆಸರಿನಲ್ಲಿ ಹತ್ತು ಪೈಸೆ ಹಾಗೂ ಇಪ್ಪತ್ತೈದು ಪೈಸೆಯ ನಾಣ್ಯಗಳು ಬಂದವು. ರಾಣಿಯಲ್ಲದ, ಹೆಸರೂ ಇಲ್ಲದ ಹಳ್ಳಿಯ ಹೆಣ್ಣಿಗೆ ಸಂದ ಗೌರವವದು. 2011ರ ಜೂನ್ ಅಂತ್ಯಕ್ಕೆ ಆ ಬೆಲೆಯ ನಾಣ್ಯಗಳೆಲ್ಲ ಚಲಾವಣೆಯಿಂದ ಹೋದವು. ಸಂತ ಅಲ್ಫೋನ್ಸಾ ಅವರ ಐದು ರೂಪಾಯಿ ನಾಣ್ಯ 2009ರಲ್ಲಿ, ಮದರ್ ತೆರೇಸಾ ಅವರದು 2010ರಲ್ಲಿ ಹೊರಬಂದಾಗ ನಮ್ಮ ಕುಟುಂಬಗಳು ಅವನ್ನು ಹರ್ಷದಿಂದ ಎತ್ತಿಟ್ಟುಕೊಂಡವು. ನಮ್ಮದೇ ಧರ್ಮಪ್ರಾಂತ್ಯದ ಎಲ್ಲೆಯೊಳಗಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿ, ವಿಧವೆಯರಿಗಾಗಿ ಬಾಳನ್ನೇ ಸವೆಸಿದ ಪಂಡಿತಾ ರಮಾಬಾಯಿಯವರಿಗೆ 1989ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದವರು. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದಳು.

ಮುಖದ ಮಾತು ಇಷ್ಟು ಸಾಕು. ನಾಣ್ಯ ಯಾರ ಕೈಯಲ್ಲಿತ್ತು, ಯಾರ ಮಾತಿನಂತೆ ವೆಚ್ಚವಾಗುತ್ತಿತ್ತು ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ತಲಕಾಡನ್ನು ಗೆದ್ದವನು, ನೊಣಂಬವಾಡಿಯನ್ನು ಗೆದ್ದವನು ಎಂಬ ಬಿರುದುಗಳು ಕನ್ನಡ ಅಕ್ಷರಗಳಲ್ಲಿವೆ. ರಾಣಿ ಶಾಂತಲೆಯನ್ನು ಕಾಣಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿ 1123ರಲ್ಲಿ ಆಕೆ ಕಟ್ಟಿಸಿದ ಬಸದಿಗೆ ಆಕೆಯದೇ ಬಿರುದಿನಿಂದ ಸವತಿಗಂಧವಾರಣ ಬಸದಿ ಎಂಬ ಹೆಸರಿದೆ. ಅದೇ ಊರಿನ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಲದೇವಿ. ಗಂಡ ಶೈವ, ಹೆಂಡತಿ ಜೈನಳು. ಆದರೂ ಆಕೆಯ ದಾನ ಆಕೆಯ ದೇವರಿಗೇ ಸಂದಿತು. ಇಂಥ ಸ್ವಾತಂತ್ರ್ಯ ಅರಮನೆ ಹಾಗೂ ಮಂತ್ರಿಮನೆಗಳ ಹೊರಗೆ ಎಷ್ಟು ಹೆಂಗಸರಿಗಿತ್ತೆಂದು ಶಾಸನಗಳು ಹೇಳುವುದಿಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ನಾವು ಪೂಜಾವೇದಿಕೆಯಿಂದ ಎಷ್ಟು ಸಲ ಕೊಂಡಾಡಿದ್ದೇವೆ! ಆ ಎರಡು ಕಾಸು ಆಕೆಯದೇ ಆಗಿತ್ತು, ಕೊಡಬೇಡವೆನ್ನಲು ಬೇರೊಬ್ಬರಿರಲಿಲ್ಲ ಎಂಬ ಅಂಶವನ್ನು ಮಾತ್ರ ನಾವು ಎತ್ತಿ ಹೇಳುವುದು ಕಡಿಮೆ.

ಹಾಸನ ಜಿಲ್ಲೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಹಿಂದೂ ಅವಿಭಕ್ತ ಕುಟುಂಬದ ವಿಧವೆಗೆ ಅನ್ನಬಟ್ಟೆಯ ಹಕ್ಕಿತ್ತೇ ಹೊರತು ಪಾಲಿನ ಹಕ್ಕಿರಲಿಲ್ಲ. 1933ರಲ್ಲಿ ಮೈಸೂರು ಸರ್ಕಾರವು ಹಿಂದೂ ಮಹಿಳೆಯರ ಹಕ್ಕುಗಳ ಕಾನೂನನ್ನು ಜಾರಿಗೆ ತಂದಿತು. ಬ್ರಿಟಿಷ್ ಇಂಡಿಯಾ ಇಂಥದೊಂದು ಹೆಜ್ಜೆ ಇಟ್ಟದ್ದು ನಾಲ್ಕು ವರ್ಷಗಳ ಬಳಿಕ, 1937ರಲ್ಲಿ. ಮೈಸೂರಿನ ಕಾನೂನಿನಂತೆ ಆಸ್ತಿ ವಿಭಾಗದ ಸಮಯದಲ್ಲಿ ತಾಯಿಗೂ ವಿಧವೆಗೂ ಪಾಲು ಬಂದಿತು. ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ. ಕಾಲುಭಾಗವೆಂದರೆ ರೂಪಾಯಿಗೆ ನಾಲ್ಕಾಣೆ. ಅಷ್ಟಕ್ಕೇ ಅಂದು ದೊಡ್ಡ ಕ್ರಾಂತಿಯಾದಂತೆ ಕಂಡಿರಬೇಕು. ಹುಟ್ಟಿನಿಂದಲೇ ಮಗನ ಸಮಕ್ಕೆ ಮಗಳಿಗೂ ಪಿತ್ರಾರ್ಜಿತದ ಹಕ್ಕನ್ನು ಕರ್ನಾಟಕವು ಕೊಟ್ಟದ್ದು 1994ರ ಜುಲೈ 30ರಿಂದ, ಇಡೀ ದೇಶ ಕೊಟ್ಟದ್ದು 2005ರಲ್ಲಿ.

ಇದು ಅನ್ಯರ ಮನೆಯ ಕಥೆಯೆಂದು ಕ್ರೈಸ್ತರಾದ ನಾವು ಪಕ್ಕಕ್ಕೆ ಸರಿಯುವಂತಿಲ್ಲ. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನ ಪ್ರಕಾರ ತಂದೆ ಉಯಿಲು ಬರೆಯದೆ ಸತ್ತರೆ ಮಗಳಿಗೆ ದೊರೆಯುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮತ್ತೆ ಅದೇ ನಾಲ್ಕಾಣೆಯ ಲೆಕ್ಕ. ಅದಕ್ಕೂ ಒಂದು ಮಿತಿ! ಕೊಟ್ಟಾಯಂನ ಶಿಕ್ಷಕಿ ಮೇರಿ ರಾಯ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಕಾನೂನಿಗೆ ಬೆಲೆಯಿಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾನೂನೇ ಅನ್ವಯಿಸುತ್ತದೆ ಎಂಬ ತೀರ್ಪು 1986ರ ಫೆಬ್ರವರಿ 24ರಂದು ಬಂದಿತು. ಮಗಳಿಗೆ ಮಗನಷ್ಟೇ ಪಾಲು ಎಂದಾಯಿತು. ತೀರ್ಪಿನ ಬಳಿಕ, ಗಂಡುಮಕ್ಕಳ ಹೆಸರಿಗೆ ಬೇಗನೆ ಉಯಿಲು ಬರೆಯಿಸಿರೆಂದು ಕೇರಳದ ಕೆಲವು ಚರ್ಚುಗಳಲ್ಲಿಯೇ ಸಲಹೆ ಕೇಳಿಬಂದದ್ದನ್ನು ನೆನೆದರೆ ಗುರುವಾದ ನನಗೆ ತಲೆತಗ್ಗಿಸುವಂತಾಗುತ್ತದೆ. ಮೇರಿ ರಾಯ್ 2022ರಲ್ಲಿ ತೀರಿಕೊಂಡರು.

ಅರಕಲಗೂಡಿನ ಹೊಗೆಸೊಪ್ಪು, ಹಾಸನದ ಆಲೂಗಡ್ಡೆ, ಹೊಳೆನರಸೀಪುರದ ಭತ್ತ: ಇವುಗಳಲ್ಲಿ ಯಾವುದೂ ಹೆಂಗಸರ ಬೆವರಿಲ್ಲದೆ ಮಾರುಕಟ್ಟೆ ಸೇರುವುದಿಲ್ಲ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳಿಂದ ಅವರ ಹೆಸರಿನಲ್ಲಿ ಉಳಿತಾಯದ ಪುಸ್ತಕಗಳು ಬಂದಿವೆ. ಇದು ಸಣ್ಣ ಸಂಗತಿಯಲ್ಲ. ಜಮೀನಿನ ಮಾತು ಬಂದಾಗ ಮಾತ್ರ ನಮ್ಮ ಮನೆಗಳಲ್ಲಿ ಬೇರೊಂದು ಕಾಗದ ಹೊರಬರುತ್ತದೆ: ಹಕ್ಕು ಬಿಡುಗಡೆ ಪತ್ರ. ಅಪ್ಪನ ಶ್ರಾದ್ಧ ಮುಗಿದ ಮೇಲೋ, ವಾರ್ಷಿಕ ಸ್ಮರಣೆಯ ಬಲಿಪೂಜೆಯ ಮರುದಿನವೋ, ಹೆಣ್ಣುಮಕ್ಕಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅವರು ರುಜು ಹಾಕುತ್ತಾರೆ. ಹಿಂದಿರುಗುವಾಗ ಕೈಯಲ್ಲಿ ಒಂದು ಸೀರೆ, ಬಸ್ಸಿನ ಖರ್ಚಿಗೆ ಸ್ವಲ್ಪ ಹಣ.