ಸಾಕು ಮೊಲದ ದಂತ ಶಸ್ತ್ರಚಿಕಿತ್ಸೆ: ಇತಿಹಾಸ, ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸಂದರ್ಭ

ಅತಿಯಾಗಿ ಬೆಳೆದ ಅಥವಾ ಸೊಟ್ಟಗಾದ ಹಲ್ಲನ್ನು ತೇಯುವುದು, ಕೆಟ್ಟ ಹಲ್ಲನ್ನು ಕೀಳುವುದು, ಬೇರಿನಲ್ಲಿ ಕಟ್ಟಿದ ಕುರುವನ್ನು ಬಿಡಿಸುವುದು ಮತ್ತು ಆಮೇಲೆ ಪ್ರಾಣಿ ತಾನಾಗಿ ಮೇಯುವವರೆಗೆ ನೋಡಿಕೊಳ್ಳುವುದು, ಇವೆಲ್ಲ ಸೇರಿ ಮೊಲದ ದಂತ ಚಿಕಿತ್ಸೆ. ಕುದುರೆಯ ಹಲ್ಲು ನೋಡುವ ವಿದ್ಯೆ ಬಹಳ ಹಳೆಯದು. ಮೊಲದ್ದು ಪ್ರತ್ಯೇಕ ವಿದ್ಯೆಯಾಗಿ ಬೆಳೆದದ್ದು 1990ರ ದಶಕದಿಂದ ಈಚೆಗೆ. ಅಲ್ಲಿಯವರೆಗೆ ಮೊಲ ಸಾಕಣೆಯವರ ಕೈಯಲ್ಲಿದ್ದುದು ಉಗುರು ಕತ್ತರಿ ಅಥವಾ ಇಕ್ಕುಳ, ಅಷ್ಟೇ.

ಹಲ್ಲಿನ ರಚನೆ

ಮೊಲಕ್ಕೆ 28 ಹಲ್ಲು. ಮೇಲೆ ನಾಲ್ಕು, ಕೆಳಗೆ ಎರಡು ಬಾಚಿಹಲ್ಲು. ಉಳಿದ 22 ದವಡೆಹಲ್ಲು. ಕೋರೆಹಲ್ಲು ಇಲ್ಲ. ಮೇಲಿನ ದೊಡ್ಡ ಬಾಚಿಹಲ್ಲುಗಳ ಹಿಂದೆ ಮೊಳೆಯಂಥ ಇನ್ನೊಂದು ಪುಟ್ಟ ಜೋಡಿ ಇರುತ್ತದೆ. ಇಲಿ, ಅಳಿಲುಗಳಿಗೆ ಈ ಎರಡನೆಯ ಸಾಲಿಲ್ಲ. ಇಲಿಗಳ ಜೊತೆಗೇ ಎಣಿಸಲ್ಪಡುತ್ತಿದ್ದ ಮೊಲಗಳ ಗುಂಪಿಗೆ 1855ರಲ್ಲಿ ಬ್ರಾಂಟ್ ಲ್ಯಾಗೊಮಾರ್ಫಾ ಎಂಬ ಹೆಸರು ಕೊಟ್ಟ. 1912ರಲ್ಲಿ ಗಿಡ್ಲಿ ಅದನ್ನು ಸ್ವತಂತ್ರ ಗಣವಾಗಿ ಬೇರ್ಪಡಿಸಿದ. ಆ ಬೇರ್ಪಡಿಕೆಗೆ ಮುಖ್ಯ ಆಧಾರಗಳಲ್ಲಿ ಒಂದು ಈ ಪುಟ್ಟ ಜೋಡಿ.

ಮೊಲದ ಹಲ್ಲುಗಳೆಲ್ಲ ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ಪಕ್ಕದಿಂದ ಪಕ್ಕಕ್ಕೆ ಆಡಿಸಿ ಅರೆಯುವಾಗ ಬೆಳೆದಷ್ಟೂ ಸವೆಯಬೇಕು. ಸವೆಯದಿದ್ದರೆ ಕೆಳಗಿನ ದವಡೆಹಲ್ಲಿನ ಒಳ ಅಂಚು ಚೂಪಾಗಿ ನಾಲಿಗೆಯನ್ನು ಕೊಯ್ಯುತ್ತದೆ, ಮೇಲಿನದರ ಹೊರ ಅಂಚು ಕೆನ್ನೆಯನ್ನು ಚುಚ್ಚುತ್ತದೆ. ಬೇರು ಹಿಂದಕ್ಕೆ ಒತ್ತಿ ಕಣ್ಣೀರಿನ ನಾಳವನ್ನು ಅದುಮುತ್ತದೆ. ಹೀಗಾಗಿ ಮಾಲೀಕರು ಮೊದಲು ಕಾಣುವುದು ಹಲ್ಲನ್ನಲ್ಲ: ಸದಾ ಒದ್ದೆಯಾದ ಗದ್ದ, ಸುರಿಯುವ ಕಣ್ಣು, ಮೂಸಿ ಬಿಟ್ಟುಬಿಡುವ ಮೇವು, ದಿನೇದಿನೇ ಸಣ್ಣಗಾಗುವ ಹಿಕ್ಕೆ.

ಕತ್ತರಿಯಿಂದ ತೇಯುವ ಯಂತ್ರಕ್ಕೆ

ಹಲ್ಲು ಹೀಗೆ ಕೆಡುವುದು ಏಕೆ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಬಂದದ್ದು ತಳಿಶಾಸ್ತ್ರದಿಂದ. ಕೆಳದವಡೆ ಮುಂದೆ ಚಾಚಿ ಬಾಚಿಹಲ್ಲುಗಳು ಒಂದರ ಮೇಲೊಂದು ಕೂರದಿರುವ ದೋಷ ವಂಶಪಾರಂಪರ್ಯವಾದದ್ದು ಎಂದು 1971ರಲ್ಲಿ ಫಾಕ್ಸ್ ಮತ್ತು ಕ್ರೇರಿ ತೋರಿಸಿದರು. ಪುಟ್ಟ ದೇಹ, ಗುಂಡು ಮುಖ ಬೇಕೆಂದು ಬೆಳೆಸಿದ ಕುಬ್ಜ ತಳಿಗಳಲ್ಲಿ ಇದು ಹೆಚ್ಚು. ಅಂಥ ಮೊಲವನ್ನು ಮರಿ ಮಾಡಿಸದಿರುವುದೇ ಸರಿ.

ದವಡೆಹಲ್ಲಿನ ಕತೆ ಬೇರೆ. 1990ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ಕ್ರಾಸ್ಲಿ ಮೊಲದ ಹಲ್ಲಿನ ರಚನೆಯನ್ನೂ ಸವೆತವನ್ನೂ ವಿವರವಾಗಿ ಬರೆದರು. ಅದೇ ಹೊತ್ತಿಗೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್, ಕ್ಯಾಲ್ಸಿಯಂ ಕೊರತೆಯಿಂದ ದವಡೆಯ ಮೂಳೆ ಮೆತ್ತಗಾಗಿ ಹಲ್ಲು ಜಾರುತ್ತದೆ ಎಂಬ ವಾದವನ್ನು ಮುಂದಿಟ್ಟರು. ಕಾಳುಗಳ ಮಿಶ್ರಣ ಹಾಕಿದರೆ ಮೊಲ ರುಚಿಯಾದದ್ದನ್ನಷ್ಟೇ ಆರಿಸಿ ತಿಂದು, ಸುಣ್ಣದಂಶವಿರುವ ತುಣುಕುಗಳನ್ನು ಬಿಡುತ್ತದೆ ಎಂಬುದು ಅವರು ಎತ್ತಿ ತೋರಿಸಿದ ಸಂಗತಿ. ಅವರ ಮೊಲವೈದ್ಯ ಗ್ರಂಥ 2002ರಲ್ಲಿ ಹೊರಬಂತು. ಸವೆತ ಸಾಲದ್ದು ಕಾರಣವೋ, ಮೂಳೆ ಸೋತದ್ದು ಕಾರಣವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡು ಪಕ್ಷದವರೂ ಹೇಳುವ ಔಷಧ ಮಾತ್ರ ಒಂದೇ: ಹುಲ್ಲು. 32 ಡಚ್ ಮೊಲಗಳಿಗೆ ನಾಲ್ಕು ಬಗೆಯ ಆಹಾರ ಕೊಟ್ಟು 17 ತಿಂಗಳು ಗಮನಿಸಿದ ಮೆರೆಡಿತ್, ಪ್ರೆಬಲ್ ಮತ್ತು ಶಾ ಅವರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಣಹುಲ್ಲಿಲ್ಲದೆ ಕಾಳುಮಿಶ್ರಣವನ್ನಷ್ಟೇ ತಿಂದ ಗುಂಪಿನ ಹಲ್ಲುಗಳ ಬೆಳವಣಿಗೆ ಹದ ತಪ್ಪಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಕೈಬಿಟ್ಟದ್ದು ಕತ್ತರಿಯನ್ನು. ಕತ್ತರಿ ಅದುಮಿದಾಗ ಹಲ್ಲು ಉದ್ದಕ್ಕೆ ಸೀಳುತ್ತದೆ, ಸೀಳಿನೊಳಗೆ ಸೋಂಕು ಇಳಿದು ಬೇರಿನಲ್ಲಿ ಕುರು ಕಟ್ಟುತ್ತದೆ. ಅದರ ಜಾಗಕ್ಕೆ ಮನುಷ್ಯರ ದಂತವೈದ್ಯದ ತಿರುಗುವ ಉಪಕರಣ ಬಂತು. 1957ರಲ್ಲಿ ಬೋರ್ಡನ್ ತಂದ ಗಾಳಿಯಿಂದ ತಿರುಗುವ ಅತಿವೇಗದ ಡ್ರಿಲ್ ಮತ್ತು ಉದ್ದ ಹಿಡಿಯ ವಜ್ರದ ಮೊನೆಗಳು ಮೊಲದ ಬಾಯಿಗೂ ಒಗ್ಗಿದವು. ಆ ಬಾಯಿ ತೀರ ಕಿರಿದು. ಬೆರಳಗಲದ ಸಂದಿಯಲ್ಲಿ ನಾಲಿಗೆಯನ್ನು ಒತ್ತಿ ಹಿಡಿದು, ಕೆನ್ನೆಯನ್ನು ಹಿಗ್ಗಿಸಿ ಕೆಲಸ ಮಾಡಬೇಕು. ಕೂಡದ ಬಾಚಿಹಲ್ಲನ್ನು ಕೆಲವು ವಾರಕ್ಕೊಮ್ಮೆ ತೇಯುತ್ತಲೇ ಇರುವುದಕ್ಕಿಂತ ಆರನ್ನೂ ಕಿತ್ತುಬಿಡುವುದು ಮೊಲಕ್ಕೆ ಸುಖ. ಆಮೇಲೆ ತುಟಿಯಿಂದಲೇ ಸೊಪ್ಪನ್ನು ಎಳೆದುಕೊಂಡು ದವಡೆಯಲ್ಲಿ ಅರೆಯುತ್ತದೆ; ಕ್ಯಾರೆಟ್ಟನ್ನು ಮಾತ್ರ ತುರಿದು ಕೊಡಬೇಕು. ಆದರೆ ಬೇರಿನ ತುದಿಯ ಬೆಳೆಯುವ ಅಂಗಾಂಶ ಸ್ವಲ್ಪ ಉಳಿದರೂ ಹಲ್ಲು ಮತ್ತೆ ಹುಟ್ಟುತ್ತದೆ. ಪೂರ್ಣವಾಗಿ ಕಿತ್ತ ಮೇಲೂ ಹಾಗೆ ಹುಟ್ಟಿದ ಪ್ರಕರಣವನ್ನು 1999ರಲ್ಲಿ ಸ್ಟೀನ್‌ಕಾಂಪ್ ಮತ್ತು ಕ್ರಾಸ್ಲಿ ವರದಿ ಮಾಡಿದರು.

ಕುರು ಇನ್ನೂ ಕಠಿಣ. ಮೊಲದ ಕೀವು ಗಟ್ಟಿ. ಕೊಯ್ದು ಬಿಟ್ಟರೆ ಹರಿದುಹೋಗುವುದಿಲ್ಲ. ಅದನ್ನು ಚೀಲದ ಸಮೇತ, ಕೆಟ್ಟ ಹಲ್ಲು ಮತ್ತು ಮೂಳೆಯ ಸಮೇತ ತೆಗೆಯಬೇಕು. ಗಾಯದ ಅಂಚನ್ನು ಹೊಲಿದು ಗಾಯವನ್ನು ತೆರೆದಿಟ್ಟು ವಾರಗಟ್ಟಲೆ ತೊಳೆಯುವುದೂ ಉಂಟು. ಎಕ್ಸ್-ರೇ ಇಲ್ಲದೆ ಇದಕ್ಕೆ ಕೈಹಾಕುವುದು ತಪ್ಪು. ರೋಗ ಬಹುಪಾಲು ಒಸಡಿನ ಕೆಳಗೇ ಇರುತ್ತದೆ.

ಅರಿವಳಿಕೆಯ ಅಪಾಯ

ಮೊಲಕ್ಕೆ ಅರಿವಳಿಕೆ ಕೊಟ್ಟರೆ ಸಾಯುತ್ತದೆ ಎಂಬ ಭಯ ಮಾಲೀಕರಲ್ಲೂ ವೈದ್ಯರಲ್ಲೂ ಬೇರೂರಿದೆ. ಅದಕ್ಕೆ ಆಧಾರ ಇಲ್ಲದಿಲ್ಲ. 2002ರಿಂದ 2004ರವರೆಗೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಮೊಲಗಳಲ್ಲಿ ಶೇ. 1.39. ಆದರೆ ಆರೋಗ್ಯವಂತ ಮೊಲಗಳಲ್ಲಿ ಅದು ಶೇ. 0.73, ಮೊದಲೇ ಕಾಯಿಲೆ ಬಿದ್ದಿದ್ದವುಗಳಲ್ಲಿ ಶೇ. 7.37. ಎಂದರೆ ದಿನ ದೂಡಿ, ಮೊಲ ತಿನ್ನುವುದನ್ನೇ ಬಿಟ್ಟ ಮೇಲೆ ಮೇಜಿಗೆ ತರುವುದು ಅಪಾಯವನ್ನು ಹತ್ತು ಪಟ್ಟು ಮಾಡುತ್ತದೆ.

ಮೊಲ ವಾಂತಿ ಮಾಡಲಾರದು. ಆದ್ದರಿಂದ ನಾಯಿಗೆ ಹೇಳುವ ಹಾಗೆ ರಾತ್ರಿಯಿಂದ ಉಪವಾಸ ಕೆಡವಬಾರದು. ಹೊಟ್ಟೆ ಖಾಲಿಯಾದರೆ ಕರುಳಿನ ಚಲನೆ ನಿಲ್ಲುತ್ತದೆ. ಮೂಗಿನಿಂದಲೇ ಉಸಿರಾಡುವ ಪ್ರಾಣಿಯಾದ್ದರಿಂದ ಮೂಗು ಕಟ್ಟಿದ್ದರೆ ಮೊದಲೇ ತಿಳಿದಿರಬೇಕು. ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಕಾರಿ ಜೀವಾಣುಗಳು ಸತ್ತು ಮೊಲವೇ ಸಾಯಬಹುದು. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೊಡುವವರು ಈ ಒಂದು ಸಾಲನ್ನು ನೆನಪಿಟ್ಟರೆ ಸಾಕು.

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ

ಭಾರತದಲ್ಲಿ ಮೊಲದ ಅಧ್ಯಯನ ಬೆಳೆದದ್ದು ಉಣ್ಣೆ ಮತ್ತು ಮಾಂಸಕ್ಕಾಗಿ. 1962ರಲ್ಲಿ ಸ್ಥಾಪನೆಯಾದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇದರಲ್ಲಿ ಮುಂದಿತ್ತು. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ ತಳಿಗಳು ರೈತರ ಬೋನುಗಳಿಗೆ ಬಂದದ್ದು ಈ ದಾರಿಯಲ್ಲಿ. ಸಾಕಣೆ ಕೇಂದ್ರದಲ್ಲಿ ಹಲ್ಲು ಕೆಟ್ಟ ಮೊಲವನ್ನು ಹಿಂಡಿನಿಂದ ತೆಗೆದುಬಿಡುತ್ತಾರೆ. ಅದರ ಮೇಲೆ ಖರ್ಚು ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಲು ಕಾರಣವಿಲ್ಲ. ಆ ಕಾರಣ ಹುಟ್ಟುವುದು ಮೊಲ ಮನೆಯೊಳಗೆ ಬಂದು ಹೆಸರಿಟ್ಟುಕೊಂಡಾಗ. ಇಲ್ಲಿ ಒಂದು ಮಾತು: ಹೊಲದಲ್ಲಿ ಸಿಗುವ ಕಾಡುಮೊಲ ಬೇರೆಯೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿದು ಸಾಕುವಂತಿಲ್ಲ.

ಕೋಲಾರ ಜಿಲ್ಲೆ ಹಾಲಿನ ಜಿಲ್ಲೆ. ಇಲ್ಲಿನ ಪಶು ಆಸ್ಪತ್ರೆಗಳನ್ನು ಜನ ಇಂದಿಗೂ ದನದ ಆಸ್ಪತ್ರೆ ಎಂದೇ ಕರೆಯುತ್ತಾರೆ; ಸೀಮೆಹಸುವಿನ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ, ಕುರಿಗಳ ಜಂತುಹುಳ, ಇಷ್ಟರಲ್ಲೇ ವೈದ್ಯರ ದಿನ ಮುಗಿಯುತ್ತದೆ. ಕೋಲಾರ ಚಿನ್ನದ ಗಣಿಯ (ಕೆ.ಜಿ.ಎಫ್.) ಬೆಮೆಲ್ ನಗರದಲ್ಲಿ ಮನುಷ್ಯರ ಹಲ್ಲಿಗೆ ಒಂದು ಪೂರ್ಣ ದಂತ ವೈದ್ಯಕೀಯ ಕಾಲೇಜೇ ಇದೆ. ಆದರೆ ಮೊಲದ ದವಡೆಹಲ್ಲನ್ನು ತೇಯಿಸಲು, ತಲೆಯ ಎಕ್ಸ್-ರೇ ತೆಗೆಸಲು ಬೆಂಗಳೂರಿನತ್ತ ನೋಡಬೇಕು. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಈಗ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಈ ಭಾಗಕ್ಕೆ ಹತ್ತಿರದ ಬೋಧನಾ ಆಸ್ಪತ್ರೆ. ನಗರದಲ್ಲಿ ಸಣ್ಣ ಪ್ರಾಣಿಗಳ ಖಾಸಗಿ ಆಸ್ಪತ್ರೆಗಳೂ ಇವೆ.

ಗಣಿಗಾಗಿ 1894ರಲ್ಲಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ರೈಲುಹಾದಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿಬರುವವರ ಹಾದಿಯಾಯಿತು. ಮೊಲ ಒಯ್ಯುವವರಿಗೂ ಅದೇ ಹಾದಿ. ಬೆಳಗಿನ ನೂಕುನುಗ್ಗಲು ಮತ್ತು ಬೇಸಿಗೆಯ ಬಿಸಿಲು, ಎರಡೂ ಮೊಲಕ್ಕೆ ಕೇಡು. 30 ಡಿಗ್ರಿ ದಾಟಿದರೆ ಅದು ಏದುಸಿರು ಬಿಡುತ್ತದೆ. ಗಾಳಿಯಾಡುವ ಪೆಟ್ಟಿಗೆ, ಅಡಿಯಲ್ಲಿ ಒಂದಷ್ಟು ಹುಲ್ಲು, ಬಟ್ಟೆ ಸುತ್ತಿದ ತಣ್ಣೀರಿನ ಬಾಟಲಿ ಇಟ್ಟು ಹೊರಡುವುದು ಒಳ್ಳೆಯದು.

ಚಿಕಿತ್ಸೆ ದೂರವಿದ್ದರೂ ತಡೆಯುವ ಸಾಮಗ್ರಿ ಈ ಊರುಗಳಲ್ಲಿ ಧಾರಾಳವಾಗಿದೆ. ಹಬ್ಬಕ್ಕೆ ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೆ ಉತ್ತಮ ಮೇವು. ರಾಗಿ ಹುಲ್ಲು ಒರಟಾದ ನಾರಿನ ಆಹಾರ. ರೇಷ್ಮೆ ಸಾಕುವವರ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಸಿಗುತ್ತದೆ. ಹುಳಕ್ಕೆ ಕೊಡುವ ತೋಟದ ಸೊಪ್ಪಿಗೆ ವಿಷ ಹೊಡೆದಿಲ್ಲವೆಂದು ಖಚಿತವಿದ್ದರೆ ಅದು ಇನ್ನೂ ಮೇಲು. ಟೊಮೊಟೊ ತೋಟದ ಬದುವಿನ ಹುಲ್ಲಿನ ಮಾತು ಬೇರೆ. ಅದಕ್ಕೆ ಔಷಧಿಯ ತುಂತುರು ತಗುಲಿರುತ್ತದೆ. ಟೊಮೊಟೊ ಎಲೆಯನ್ನಂತೂ ಹಾಕಲೇಬಾರದು. ಇಷ್ಟೆಲ್ಲ ಇದ್ದೂ ಮೊಲಕ್ಕೆ ಬಿಸ್ಕತ್ತು, ಅನ್ನ, ಬೂಸಾ, ಕ್ಯಾರೆಟ್ ಹಾಕುವುದು ನೋಡಿದರೆ ಸಂಕಟವಾಗುತ್ತದೆ. ಅವು ಹೊಟ್ಟೆ ತುಂಬಿಸುತ್ತವೆ, ಹಲ್ಲನ್ನು ಸವೆಸುವುದಿಲ್ಲ.

ನೀರಿನ ಸಂಗತಿಯನ್ನೂ ಹೇಳಬೇಕು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ; ಮಕ್ಕಳ ಹಲ್ಲಿನ ಕಂದು ಕಲೆ ಅದರ ಗುರುತು. ಫ್ಲೋರೈಡ್ ಕೆಡಿಸುವುದು ಇನ್ನೂ ರೂಪುಗೊಳ್ಳುತ್ತಿರುವ ಹಲ್ಲನ್ನು. ಮನುಷ್ಯರಲ್ಲಿ ಆ ಕಾಲ ಬಾಲ್ಯಕ್ಕೆ ಮುಗಿಯುತ್ತದೆ, ಮೊಲದಲ್ಲಿ ಸಾಯುವವರೆಗೂ ಮುಗಿಯುವುದಿಲ್ಲ. ಮನೆಯವರು ಕುಡಿಯುವ ಶುದ್ಧೀಕರಿಸಿದ ನೀರನ್ನೇ ಮೊಲದ ಬಟ್ಟಲಿಗೂ ಸುರಿಯಬೇಕು.

ಚಿಕಿತ್ಸೆಯ ನಂತರದ ಆರೈಕೆ

ಮೊಲ ಉಳಿಯುವುದು, ಅಳಿಯುವುದು ಬಹುಮಟ್ಟಿಗೆ ಮನೆಗೆ ಬಂದ ಮೇಲಿನ ಎರಡು ಮೂರು ದಿನಗಳಲ್ಲಿ ತೀರ್ಮಾನವಾಗುತ್ತದೆ. ನೋವಿದ್ದರೆ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಆದ್ದರಿಂದ ವೈದ್ಯರು ಬರೆದ ನೋವಿನ ಔಷಧವನ್ನು, ಸಾಮಾನ್ಯವಾಗಿ ಮೆಲಾಕ್ಸಿಕಾಮ್, ಹೊತ್ತಿಗೆ ಸರಿಯಾಗಿ ಕೊಡಬೇಕು. ತಾನಾಗಿ ತಿನ್ನದಿದ್ದರೆ ಹುಲ್ಲಿನ ಗುಳಿಗೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಸೂಜಿ ತೆಗೆದ ಸಿರಿಂಜಿನಲ್ಲಿ ಉಣಿಸಬೇಕು. ಮೊಲವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ಬಾಚಿಹಲ್ಲಿನ ಹಿಂದಿನ ಖಾಲಿ ಜಾಗಕ್ಕೆ ಪಕ್ಕದಿಂದ ಇಟ್ಟು, ಒಂದಿಷ್ಟೇ ಒತ್ತಿ, ಅಗಿದು ನುಂಗುವವರೆಗೆ ಕಾಯಬೇಕು. ಬೆನ್ನ ಮೇಲೆ ಮಲಗಿಸಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಕೊತ್ತಂಬರಿ ಸೊಪ್ಪಿನ ಎಳೆಯನ್ನು ಇಟ್ಟಿರಬೇಕು. ಅನೇಕ ಮೊಲಗಳು ಮೊದಲು ಬಾಯಿ ಹಾಕುವುದು ಅದಕ್ಕೇ.

ಹಿಕ್ಕೆ ಎಣಿಸುವುದು ಇಲ್ಲಿ ಹುಚ್ಚಲ್ಲ. ಸಣ್ಣ, ಒಣಗಿದ ಹಿಕ್ಕೆಗಳು ಕ್ರಮೇಣ ದುಂಡಗೆ ದೊಡ್ಡದಾದರೆ ಕರುಳು ಹಾದಿಗೆ ಬಂದಿದೆ. ಹತ್ತು ಹನ್ನೆರಡು ತಾಸು ಒಂದೂ ಬೀಳದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡುವುದು ಉಪಯುಕ್ತ. ದವಡೆಹಲ್ಲನ್ನು ತೇಯಿಸಿದ ಮೊಲವನ್ನು ನಾಲ್ಕರಿಂದ ಎಂಟು ವಾರದೊಳಗೆ ಮತ್ತೆ ತೋರಿಸಬೇಕು. ಎರಡು ಭೇಟಿಗಳ ನಡುವಿನ ಅಂತರ ಹಿಗ್ಗುತ್ತ ಹೋದರೆ ಮೇವು ಕೆಲಸ ಮಾಡುತ್ತಿದೆ ಎಂದರ್ಥ. ಕುಗ್ಗುತ್ತ ಹೋದರೆ ಹೊಸ ಎಕ್ಸ್-ರೇ ತೆಗೆಸಿ, ಕೀಳುವ ಮಾತನ್ನು ವೈದ್ಯರ ಜೊತೆ ಆಡಬೇಕು.