‘ಸರ್ವರ್ ಇಲ್ಲ’: ಹೋಬಳಿಯ ಕಿಟಕಿಯಿಂದ ಕಂಡ ಜಾಲ ನಿರ್ವಹಣೆ

ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರ ಗಾವಡಗೆರೆಯಂಥ ಊರುಗಳ ನಾಡಕಚೇರಿಗೋ ಪಂಚಾಯಿತಿಗೋ ಪಹಣಿ, ಜಾತಿ ಪ್ರಮಾಣಪತ್ರಕ್ಕೆಂದು ಬಂದವರು ಎಷ್ಟೋ ಸಲ ಕೇಳಿ ಹಿಂತಿರುಗುವ ಮಾತು ಎರಡೇ ಪದದ್ದು: ‘ಸರ್ವರ್ ಇಲ್ಲ’. ಈ ಮಾತಿನೊಳಗೆ ನಾಲ್ಕು ಬಗೆಯ ದೋಷಗಳು ಅಡಗಿವೆ. ಕರೆಂಟು ಹೋಗಿರಬಹುದು, ರಸ್ತೆ ಅಗೆಯುವಾಗ ಜೆಸಿಬಿಗೆ ಸಿಕ್ಕಿ ಫೈಬರ್ ತುಂಡಾಗಿರಬಹುದು, ಕಚೇರಿಯ ಜಾಲದ ಪೆಟ್ಟಿಗೆಯೇ ಕೆಟ್ಟಿರಬಹುದು, ಇಲ್ಲವೇ ದೂರದ ದತ್ತಾಂಶ ಕೇಂದ್ರದಲ್ಲಿ ತಂತ್ರಾಂಶ ನಿಂತಿರಬಹುದು. ಇವನ್ನು ಬೇರ್ಪಡಿಸಿ ಗುರುತಿಸುವ ತಿಳಿವಳಿಕೆ ಬಹುಪಾಲು ಯಂತ್ರದಲ್ಲೇ ಇದೆ. ಅದು ಕಿಟಕಿಯ ಮುಂದೆ ನಿಂತವರನ್ನು ತಲುಪುವುದಿಲ್ಲ ಎಂಬುದು ಈ ಲೇಖನದ ವಾದ.

ಇಂಥ ಯಂತ್ರಗಳಿಗೊಂದು ಇತಿಹಾಸವಿದೆ. ಪರಿಣತರ ಕಾವಲಿಲ್ಲದೆ ಮೂಲೆಯಲ್ಲಿ ಕುಳಿತು ದುಡಿಯುವ ಸರ್ವರ್ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದ್ದು 1996ರಲ್ಲಿ ಶುರುವಾದ ಅಮೆರಿಕದ ಕೋಬಾಲ್ಟ್ ನೆಟ್‌ವರ್ಕ್ಸ್. 2000ದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡಿತು. ಆದರೆ ಈ ಬಗೆಯ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. 1984ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರ ಜುಲೈಯಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆ, ಧೂಳು, ಸೆಕೆ ಇವುಗಳನ್ನು ವಿನ್ಯಾಸದ ಮೊದಲ ಷರತ್ತಾಗಿಸಿಕೊಂಡ ಯಂತ್ರ ಅದು. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಈ ಇತಿಹಾಸ ಆರಂಭವಾಗುವುದು ಕಿತ್ತೂರಿನಿಂದಲೇ.

ಆ ಧಾರೆಯ ಮುಂದಿನ ಹೆಸರು ತೇಜಸ್ ನೆಟ್‌ವರ್ಕ್ಸ್. 2000ದಲ್ಲಿ ಬೆಂಗಳೂರಿನಲ್ಲಿ ಸಂಜಯ್ ನಾಯಕ್, ಕುಮಾರ್ ಶಿವರಾಜನ್, ಅರ್ಣಬ್ ರಾಯ್ ಕಟ್ಟಿದ ಈ ಕಂಪನಿಗೆ ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆಯವರ ಬೆಂಬಲವಿತ್ತು. ಬೆಳಕಿನ ಜಾಲದ ಉಪಕರಣಗಳನ್ನೂ ಅವನ್ನು ದೂರದಿಂದ ನಿರ್ವಹಿಸುವ ತಂತ್ರಾಂಶವನ್ನೂ ಅದು ಇಲ್ಲಿಯೇ ರೂಪಿಸಿತು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ, ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೂ ತೇಜಸ್‌ನ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯ ಉಪಕರಣಗಳು ಹೋಗಿವೆ.

ಜಿಪಾನ್‌ನಲ್ಲಿ ವಿನಿಮಯ ಕೇಂದ್ರದ ಒಎಲ್‌ಟಿ ಎಂಬ ಪೆಟ್ಟಿಗೆಯಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಕವಲೊಡೆದು ಹಲವು ಪಂಚಾಯಿತಿಗಳ ಒಎನ್‌ಟಿ ಪೆಟ್ಟಿಗೆಗಳನ್ನು ಮುಟ್ಟುತ್ತದೆ. ಕವಲೊಡೆಸುವ ಸ್ಪ್ಲಿಟರಿಗೆ ವಿದ್ಯುತ್ತೇ ಬೇಡ. ಆದರೆ ಎರಡು ತುದಿಗಳಿಗೂ ಬೇಕು. ಪಂಚಾಯಿತಿಯಲ್ಲಿ ಕರೆಂಟು ಹೋದೊಡನೆ, ಒಳಗೆ ಉಳಿದ ಚೂರು ಶಕ್ತಿಯಿಂದಲೇ ಒಎನ್‌ಟಿ ‘ನನಗೆ ವಿದ್ಯುತ್ ನಿಂತಿತು’ ಎಂಬ ಸಂದೇಶ ಕಳಿಸಿ ಆರುತ್ತದೆ. ಎಂಜಿನಿಯರುಗಳು ಇದನ್ನು ಕೊನೆಯುಸಿರು ಎಂದೇ ಕರೆಯುತ್ತಾರೆ. ಫೈಬರ್ ತುಂಡಾದರೆ ಆ ಉಸಿರು ಮೇಲಕ್ಕೆ ಬರುವುದಿಲ್ಲ. ಬೆಳಕು ಸುಮ್ಮನೆ ನಿಲ್ಲುತ್ತದೆ. ಮೇಲ್ವಿಚಾರಣೆಯ ಕೋಣೆಯಲ್ಲಿ ಕುಳಿತವರು ಕರೆಂಟು ಹೋದದ್ದಕ್ಕೂ ಎಳೆ ಕಡಿದದ್ದಕ್ಕೂ ವ್ಯತ್ಯಾಸ ತಿಳಿಯುವುದು ಇಷ್ಟರಿಂದಲೇ.

ಆದರೆ ಅಲ್ಲಿ ಮೂಡುವುದು ಇಂಗ್ಲಿಷಿನ ಎಚ್ಚರಿಕೆ, ಅದನ್ನು ಓದುವುದು ದೂರದ ಸಿಬ್ಬಂದಿ. ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಮುಂದಿರುವ ಪೆಟ್ಟಿಗೆಯೂ ಅದನ್ನೇ ದೀಪಗಳಲ್ಲಿ ಹೇಳುತ್ತಿರುತ್ತದೆ. ಎಲ್ಲ ದೀಪ ಆರಿದ್ದರೆ ಕರೆಂಟು ಅಥವಾ ಪೆಟ್ಟಿಗೆ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗಿದ್ದರೆ ಫೈಬರ್. ಎಲ್ಲವೂ ಹಸಿರಾಗಿದ್ದೂ ಪುಟ ತೆರೆಯದಿದ್ದರೆ ದೋಷ ಊರಿನಾಚೆಯದು. ಈ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿದರೆ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗೆ ಕರೆ ಮಾಡಬೇಕೋ ಫೈಬರ್ ನೋಡಿಕೊಳ್ಳುವವರಿಗೋ ಎಂದು ಆಪರೇಟರಿಗೆ ಅಲ್ಲೇ ತಿಳಿಯುತ್ತದೆ. ಹೊಗೆಸೊಪ್ಪಿನ ಹೊಲದ ಕೆಲಸ ಬಿಟ್ಟು ಬಂದ ರೈತನಿಗೆ ಕಾಯಬೇಕೋ ನಾಳೆ ಬರಬೇಕೋ ಎಂದೂ ಹೇಳಬಹುದು.